ಅಜ್ಜನಿಗೆ ಬರೀ ‘ಛಲೋ ಐತ್ರಿ’

ಸಂತೆಕಲ್ಲೂರು
೧೩ ಜನವರಿ ೨೦೨೫, ಭೋಗಿ

ಮುದ್ದು ಶಿವರಂಜನಿ,

ಕೆಮ್ಮು ಇಳಿಯಿತೇನವ್ವಾ? ಕಲಬುರಗಿಯ ಆಫೀಸಿನಲ್ಲಿ ಫ್ಯಾನಿನ ಕೆಳಗೇ ಕೂಡುತ್ತೀಯಂತೆ, ಕುರ್ಚಿ ಸರಿಸಿಕೋ. ನನ್ನ ಮೊಣಕಾಲು ಅದರ ಪಾಡಿಗೆ ಅದಿದೆ. ನಿನ್ನಜ್ಜಿ ಒಳಗೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದಾಳೆ. ಆ ಸದ್ದು ನಿಲ್ಲುವುದರೊಳಗೆ ಇದನ್ನು ಮುಗಿಸಬೇಕು, ಏಕೆಂದರೆ ವಿಷಯ ಅವಳದೇ.

ಮಸ್ಕಿಯ ನಮ್ಮ ಓದುಕೂಟ ನಿನಗೆ ಗೊತ್ತಲ್ಲ. ಅಲ್ಲಿ ಕಥೆ ಕವಿತೆ ನಡೆಯುವುದಿಲ್ಲ. ಗೊತ್ತಿರುವ ಸಂಗತಿಯನ್ನು ಗೊತ್ತಿಲ್ಲದವರಿಗೆ ತಿಳಿಯುವಂತೆ ಬರೆದು ಓದಬೇಕು, ಉಳಿದವರು ತಪ್ಪು ಹೇಳಬೇಕು. ಶುರು ಮಾಡಿದವನು ನಾನು. ನಿನ್ನಜ್ಜಿ ನನ್ನ ಕನ್ನಡಕದ ಡಬ್ಬಿ ಹಿಡಿದು ಬರುತ್ತಿದ್ದವಳು. ನಿನ್ನೆ ಅವಳೂ ಓದಿದಳು.

ಮೊದಲು ನಾನು ಓದಿದ್ದು, ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಹಗೇವಿನ ಬಗ್ಗೆ. ಬ್ಯಾಂಕಿನ ಭಾರತಿ "ಛಲೋ ಐತ್ರಿ ಅಜ್ಜಾರ" ಎಂದಳು. ಪಂಪಾಪತಿ ಮಾಸ್ತರರು "ಭಾಳ ಛಲೋ ಐತ್ರಿ" ಎಂದರು. ಮುಗಿಯಿತು, ಚಹಾ ಬಂತು. ಆಮೇಲೆ ನಿನ್ನಜ್ಜಿ ಜೋಳದ ಹಿಟ್ಟಿನ ಬಗ್ಗೆ ಓದಿದಳು. ಅರ್ಧಕ್ಕೇ ಭಾರತಿ, "ತಡೀರಿ ಕಲ್ಯಾಣಮ್ಮಾರ, ಹಿಟ್ಟಿನ ಜಿಗಿ ಹೋತು ಅಂತೀರಿ. ಜಿಗಿ ಅಂದ್ರ ಏನು? ರೊಟ್ಟಿ ಬಡಿಯಾಕ ಬರದ ನಮ್ಮಂಥವ್ರಿಗೆ ತಿಳೀಬೇಕಲ್ಲ?" ಎಂದಳು. "ಗೊತ್ತಿದ್ದೋರಿಗೇ ಬರದಿದ್ದೆ ಬಿಡವಾ, ಜಿಗಿ ಅಂದ್ರ ಹಿಟ್ಟಿನ ಅಂಟು" ಎಂದು ಇವಳು ನಕ್ಕಳು. ಮಾಸ್ತರರು ಮೊದಲ ಪ್ಯಾರಾ ತೆಗೆಯಿರಿ ಎಂದರು, ಭಾರತಿ ಬೇಡವೆಂದಳು, ಇಬ್ಬರೂ ಅವಳ ಹಾಳೆ ಹಿಡಿದು ಜಗ್ಗಾಡಿದರು. ಚಹಾ ಆರಿಹೋಯಿತು. ಅಷ್ಟೊಂದು ತಪ್ಪು ತೋರಿಸಿಕೊಳ್ಳುವ ಭಾಗ್ಯ ಅವಳಿಗೇ ಸಿಕ್ಕಿತಲ್ಲ ಎಂದು ನನ್ನ ಹೊಟ್ಟೆ ಉರಿಯಿತು, ತಂಗೀ.

ಮರಳುವಾಗ ಆಟೋದಲ್ಲಿ ಅವಳೇ ಬಾಯಿ ತೆಗೆದಳು: "ನಿಮ್ಮ ಬರಹದಾಗ ಹಗೇವಿನ ಬಾಯಿಕಲ್ಲು ಸರಿಸಿದ ಕೂಡ್ಲೇ ಆಳ್ನ ಇಳಿಸೀರಲ್ರೀ, ಒಳಗಿನ ಕೆಟ್ಟ ಗಾಳಿಗೆ ಆಂವ ಬದುಕ್ಯಾನೇನು?" ಯಾರಾದರೂ ಓದಿ ಹಾಗೇ ಇಳಿದಿದ್ದರೆ? ಅಲ್ಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ. "ಹಿಂದಕ ಮಾಸ್ತರ ಒಂದು ತಪ್ಪು ತೋರಿಸಿದ್ದಕ್ಕ ಟವೆಲ್ ಜಾಡಿಸಿ ಎದ್ದು ಹೊಂಟಿದ್ರಿ. ಅವತ್ತಿಂದ ನಿಮಗ ಎಲ್ಲಾರೂ ಛಲೋ ಐತ್ರಿ ಅನ್ನಾಕತ್ತಾರ" ಎಂದಳು.

ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನ ಬೆನ್ನಿಗಿರಲಿ.

ನಿನ್ನ ಅಜ್ಜ,
ಅಮರಗುಂಡಪ್ಪ

ತಾ.ಕ.: ರೊಟ್ಟಿಯ ಸದ್ದು ನಿಂತಿತು. ಹಗೇವಿನ ಬರಹ ಇದರೊಳಗಿದೆ. ಆಳನ್ನು ಮೇಲೆಯೇ ನಿಲ್ಲಿಸಿ, ಹಗೇವಿಗೆ ಗಾಳಿಯಾಡಲು ಬಿಟ್ಟಿದ್ದೇನೆ. ಉಳಿದ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ನೀನು ತೋರಿಸು. ಛಲೋ ಐತಿ ಎಂದು ಬರೆದೆಯೋ, ನಿನ್ನ ಸಂಗಡ ಮಾತು ಬಿಟ್ಟೆ. ಅಜ್ಜಿಯ ಬರಹವೂ ಇದೇ ಲಕೋಟೆಯಲ್ಲಿದೆ. ಅವಳದಕ್ಕಿಂತ ನನ್ನದರಲ್ಲಿ ಒಂದು ಗೆರೆಯಾದರೂ ಹೆಚ್ಚಿಗೆ ಎಳೆ, ನನ್ನವ್ವಾ.