ಕೆಂಪು ಬಟನ್ನಿಗೆ ಇಬ್ಬರು ಯಜಮಾನರು

ಅಮೃತಹಳ್ಳಿ
೧೮ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ಯೋಗಾನಂದನಿಗೆ,

ಆರೋಗ್ಯ ಹೇಗಿದೆ? ಬೆನ್ನುನೋವು ಕಡಿಮೆಯಾಯಿತೇ? ನಾಗಸಂದ್ರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಮೇಲೆ ನಿನಗೆ ಕತ್ತು ಎತ್ತಲೂ ಪುರುಸೊತ್ತಿಲ್ಲವೆಂದು ಕೇಳಿದೆ. ಅಲ್ಲಿಂದ ಇಲ್ಲಿಗೆ ಒಂದು ಗಂಟೆಯ ದಾರಿ, ನಿನಗೆ ಮೂರು ವರ್ಷವಾದರೂ ಮುಗಿದಿಲ್ಲ. ಫೋನು ಎತ್ತುವುದಿಲ್ಲ, ಮೆಸೇಜು ನೋಡುವುದಿಲ್ಲ, ಅದಕ್ಕೇ ಈ ಕಾಗದ. ಹರಿಯುವ ಮೊದಲು ಓದು.

ನಾನು ಚೆನ್ನಾಗಿದ್ದೇನೆ. ಅಪ್ಪನೂ ಅಷ್ಟೆ, ಮಾತು ಹೋದವರು ಎಷ್ಟು ಚೆನ್ನಾಗಿರಬಹುದೋ ಅಷ್ಟು. ಹೋದ ವರ್ಷ ಲಕ್ವ ಹೊಡೆದ ಮೇಲೆ ಅವರಿಗೆ ಆಡಿಸಲು ಉಳಿದಿರುವುದು ಬಲಗೈ ಹೆಬ್ಬೆರಳು ಒಂದೇ. ಅದಕ್ಕೆಂದು ನೀನು ಆಟೋದಲ್ಲಿ ಕಂಪ್ಯೂಟರು, ಕೆಂಪು ಬಟನ್ನು ಕಳಿಸಿದೆಯಲ್ಲ, ದೊಡ್ಡ ಉಪಕಾರ. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ, ಬೇಕಾದದ್ದು ಬಂದಾಗ ಒತ್ತಿದರೆ ಅದು ಕೂರುತ್ತದೆ. ಆದರೆ ಮೂರು ಅಕ್ಷರ ಕೂರುತ್ತಿದ್ದಂತೆ ಎಲ್ಲವೂ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು. ಮೌಸೂ ಅಲುಗದು, ಕರೆಂಟು ತೆಗೆದು ಮತ್ತೆ ಹಾಕಬೇಕು. ಹೀಗೆ ಐದು ತಿಂಗಳು ಅಪ್ಪ ಒತ್ತಿದರು, ಅತ್ತರು, ನಾನು ಕಣ್ಣು ಒರೆಸಿದೆ.

ಕೊನೆಗೆ ಮೇನ್ ರೋಡಿನ ಹಮ್ಜಾ ಅವರನ್ನು ಕರೆದೆ. ನಿನ್ನ ಕಸುಬಿನವರೇ, ಆದರೆ ಕರೆದರೆ ಬರುತ್ತಾರೆ. ಎಲ್ಲ ವೈರು ಕಿತ್ತು, ಒಂದೊಂದನ್ನೇ ಚುಚ್ಚಿ, ಸೇಫ್ ಮೋಡಿನಲ್ಲಿ ಹಾಕಿ ನೋಡಿದರು. "ಅಕ್ಕಾ, ನಿಮ್ ತಮ್ಮ ಮೊದ್ಲು ಬೇರೆ ಕಂಪ್ನಿ ಬಟನ್ ಹಾಕ್ ನೋಡವ್ರೆ. ಬಟನ್ ಕಿತ್ತವ್ರೆ, ಅದನ್ನ ನಡ್ಸೋ ಪ್ರೋಗ್ರಾಮು, ಅದ್ರ ಡ್ರೈವರ್, ತೆಗ್ದೇ ಇಲ್ಲ. ಈಗ ಎರಡೂ ಡ್ರೈವರ್ ಕಿತ್ತಾಡ್ತವೆ, ಮಿಷಿನ್ ಲಾಕ್ ಆಗ್ತದೆ" ಎಂದರು. ಹಳೆಯದನ್ನು ಅಳಿಸಲು ಹತ್ತು ನಿಮಿಷ ಹಿಡಿಯಿತು. ಪಕ್ಕದಲ್ಲಿ ನಿಂತು ನಾನೂ ಕಲಿತೆ. ಬಿಟ್ಟು ಹೋಗುವಾಗ ಪೂರ್ತಿ ಚೊಕ್ಕ ಮಾಡಿ ಹೋಗುವ ಅಭ್ಯಾಸ ನಿನಗೆ ಯಾವತ್ತೂ ಇಲ್ಲ.

ಅಂದು ಅಪ್ಪ ಬರೆದ ಮೊದಲ ಮಾತು, "ಯೋಗಿ ಬಂದನಾ". ಐದು ತಿಂಗಳು ನಾನು ಒರೆಸಿದ ಕಣ್ಣೀರು ಇದಕ್ಕಂತೆ. "ಇಷ್ಟು ಮನೆ ಬಾಡ್ಗೆ ತಗೊಳ್ಳೋನ ಮಗ ಸ್ಕ್ರೂ ತಿರುಗಿಸ್ತಾನಂತೆ" ಎಂದು ಬಾಡಿಗೆಯವರೆದುರು ನಿನ್ನನ್ನು ಆಡಿಕೊಂಡವರು ಇವರೇ, ಆ ಒಂದು ಮಾತಿಗೇ ನೀನು ಮನೆ ಬಿಟ್ಟದ್ದು. ಹತ್ತು ದಿನವೂ ಅದೇ ಪ್ರಶ್ನೆ. ಉಣಿಸಿ, ತೊಳೆದು, ಮಗ್ಗುಲು ಬದಲಿಸುವವಳ ಹೆಸರು ಒಂದು ಸಲವೂ ಬರಲಿಲ್ಲ. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಹನ್ನೊಂದನೆಯ ದಿನ "ಯೋಗಿಗೆ ಹೇಳು, ಅವತ್ತು ನಾನು" ಎಂಬಷ್ಟು ಬರೆದು, ಬೆರಳು ಸೋತು ಮಲಗಿದರು. ಮರುದಿನದಿಂದ ಮತ್ತೆ ಮೂರು ಅಕ್ಷರಕ್ಕೇ ನಿಲ್ಲುತ್ತಿದೆ. ಬಂದು ನೋಡುತ್ತೇನೆ ಎಂದು ಹಮ್ಜಾ ಹೇಳಿದರು, ಬೇಡ ಎಂದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಅಂಗಡಿ ನೂರ್ಕಾಲ ಬಾಳಲಿ.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ನಾಗಲಕ್ಷ್ಮಿ

ತಾ.ಕ.: ಹಳೆಯ ಡ್ರೈವರನ್ನು ವಾಪಸ್ ಹಾಕಿದವಳು ನಾನೇ. ಹಮ್ಜಾ ಅದನ್ನು ಪೆನ್‌ಡ್ರೈವಿನಲ್ಲಿ ಎತ್ತಿಟ್ಟಿದ್ದರು. ಅಪ್ಪ ದಿನವೂ ಒತ್ತುತ್ತಾರೆ, ನಾನು ದಿನವೂ ಒರೆಸುತ್ತೇನೆ. ಆ ಮಾತಿನ ಉಳಿದರ್ಧ ನಿನಗೆ ಬೇಕಿದ್ದರೆ ನೀನೇ ಬಂದು ತೆಗಿ, ಹತ್ತು ನಿಮಿಷದ ಕೆಲಸ. ಅಪ್ಪನಿಗೆ ಉಳಿದಿರುವುದು ಹದಿನೈದು ದಿನ ಎಂದು ಡಾಕ್ಟರು ಹೇಳಿದ್ದರು. ಅದರಲ್ಲಿ ಆರು ಕಳೆದವು.