‘ನನಗೆ ಬರೆಯಿರಿ’ ಎಂದಿದ್ದ ಶಿಕ್ಷಣಾಧಿಕಾರಿಗಳಿಗೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ಶಾಲೆಯ ಮಕ್ಕಳಿಗೆ ಕೊಟ್ಟ ಮಾತಿಗೆ ನೀವು ತಪ್ಪಿದ್ದೀರಿ. ಇದನ್ನು ನಿಮಗೆ ಓದಲು ಬಾರದ ಕನ್ನಡದಲ್ಲಿ, ಇಲ್ಲಿನ ಕನ್ನಡಿಗರ ಪುಟ್ಟ ಪತ್ರಿಕೆಯೊಂದರಲ್ಲಿ ಬರೆಯುತ್ತಿದ್ದೇನೆ. ಕಾರಣವಿದೆ. ಮರಾಠಿಯಲ್ಲಿ ಬರೆದರೆ ನಿಮ್ಮ ಕಚೇರಿ ಅದನ್ನು, ಯಾರ ಮೇಲೆ ದೂರಿದೆಯೋ ಅವರಿಗೇ, ‘ಸೂಕ್ತ ಕ್ರಮಕ್ಕಾಗಿ’ ಎಂದು ಬರೆದು ಕಳಿಸಿಬಿಡುತ್ತದೆ. ಇದನ್ನು ಕಳಿಸುವ ಮೊದಲು ಏನು ಬರೆದಿದೆ ಎಂದು ಯಾರನ್ನಾದರೂ ಕೇಳಬೇಕಾಗುತ್ತದೆ. ಅಷ್ಟು ಶ್ರಮವನ್ನಾದರೂ ಪಡಿ ಸ್ವಾಮಿ.

ನಾನು ನಾಗರಿಕಶಾಸ್ತ್ರ ಕಲಿಸುವವಳು. ಧಾರವಾಡದ ಕಡೆಯಿಂದ ಮದುವೆಯಾಗಿ ಈ ಮರಾಠಿ ನಾಡಿಗೆ ಬಂದೆ. ಮನೆಯವರು ಓಝರಿನ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞರು. ಸಂವಿಧಾನ ದಿನದಂದು ನೀವು ನಮ್ಮ ಶಾಲೆಗೆ ಬಂದಿರಿ. ಎಂಟನೆಯ ತರಗತಿಯ ಗಗನಾ ಎದ್ದು ನಿಂತು, ಎಂಬತ್ತಾರನೆಯ ತಿದ್ದುಪಡಿಯಿಂದ ಶಿಕ್ಷಣ ಹೇಗೆ ಮೂಲಭೂತ ಹಕ್ಕಾಯಿತೆಂದು ತಡವರಿಸದೆ ಹೇಳಿದಳು. ನೀವು ಅವಳ ತಲೆ ಸವರಿದಿರಿ. ಮೈಕು ಹಿಡಿದು, ‘ನಿಮ್ಮ ಹಕ್ಕನ್ನು ಯಾರಾದರೂ ಕಸಿದರೆ ಘಾಬರೂ ನಕಾ, ಮಲಾ ಲಿಹಾ’ ಎಂದಿರಿ. ಹೆದರಬೇಡಿ, ನನಗೆ ಬರೆಯಿರಿ! ಸಭಾಂಗಣದಲ್ಲಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನು. ಮರುದಿನದಿಂದ ಪಾಠದಲ್ಲಿ ನಿಮ್ಮ ಮಾತನ್ನೇ ಉದಾಹರಣೆಯಾಗಿ ಕೊಡತೊಡಗಿದೆ.

(ಗಗನಾ ಅವಳ ನಿಜವಾದ ಹೆಸರಲ್ಲ, ಅವಳಪ್ಪನದನ್ನೂ ಬದಲಿಸಿದ್ದೇನೆ. ನಿಮ್ಮ ಕಚೇರಿಗೆ ತೋಚದ ಈ ಕೆಲಸಕ್ಕೆ ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ.)

ಗಗನಾಳ ಅಪ್ಪ ಶೀನ ಕುಂದಾಪುರದ ಕಡೆಯವರು. ಪಿಂಪಳಗಾಂವ್ ಬಸವಂತದ ಹತ್ತಿರ ಹೆದ್ದಾರಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾರೆ. ಬಡ ಮಕ್ಕಳಿಗೆ ಕಾಯ್ದೆಯ ಪ್ರಕಾರ ಮೀಸಲಿಟ್ಟ ಉಚಿತ ಸೀಟು ಅವಳಿಗೆ ಸಿಕ್ಕಿತ್ತು. ಏಳನೆಯವರೆಗೆ ಎಲ್ಲರ ಜೊತೆಗೇ ಕೂತು ಕಲಿತಳು. ಈ ವರ್ಷ ಶಾಲೆಯವರಿಗೆ ಅದೇನು ಜ್ಞಾನೋದಯವಾಯಿತೋ, ಉಚಿತ ಸೀಟಿನ ಮಕ್ಕಳನ್ನೆಲ್ಲ ಆರಿಸಿ, ಸೈಕಲ್ ಸ್ಟ್ಯಾಂಡಿನ ಪಕ್ಕದ ಕೋಣೆಯಲ್ಲಿ ಬೇರೆ ವಿಭಾಗ ಮಾಡಿದರು. ಪ್ರಯೋಗಾಲಯವೂ ಇಲ್ಲ, ಕಂಪ್ಯೂಟರ್ ತಾಸೂ ಇಲ್ಲ. ‘ಇತರ ಪಾಲಕರ ಅಪೇಕ್ಷೆ’ ಎಂಬುದು ಕೊಟ್ಟ ಕಾರಣ. ಆ ಮಕ್ಕಳನ್ನು ಬೇರೆ ಕೂರಿಸಬಾರದೆಂದು ಕಾಯ್ದೆ ಹೇಳುತ್ತದೆ ಎಂಬುದನ್ನು ನಿಮಗೆ ನಾನು ಕಲಿಸಬೇಕೆ?

ಗಗನಾ ನಿಮ್ಮನ್ನು ನಂಬಿದಳು, ನಿಮಗೆ ಬರೆದಳು. ‘ಪ್ರಾರ್ಥನೆಗೆ ಎಲ್ಲರೂ ಒಟ್ಟಿಗೆ ನಿಲ್ಲುತ್ತೇವೆ, ಪಾಠಕ್ಕೆ ಮಾತ್ರ ಯಾಕೆ ಬೇರೆ?’ ಎಂದು ಕೇಳಿದ್ದಳು. ಆ ಅರ್ಜಿ ನಿಮ್ಮ ಮೊಹರು ಹೊತ್ತು, ಅವಳ ಹೆಸರು ಹೊತ್ತು, ನೇರವಾಗಿ ನಮ್ಮ ಮುಖ್ಯಾಧ್ಯಾಪಕರ ಮೇಜಿಗೆ ಬಂತು. ಕುರಿ ಕಾಯಲು ತೋಳನನ್ನು ನೇಮಿಸಿದವರ ಕಥೆ ಕೇಳಿದ್ದೆ. ಕುರಿ ಕೊಟ್ಟ ದೂರನ್ನು ವಿಚಾರಣೆಗೆಂದು ತೋಳನಿಗೇ ಒಪ್ಪಿಸಿದವರನ್ನು ಕಂಡದ್ದು ಇದೇ ಮೊದಲು.

ಸೂಕ್ತ ಕ್ರಮವೂ ಆಯಿತು. ಮರುದಿನ ಮಕ್ಕಳು ಎಂದಿನಂತೆ ಸಂವಿಧಾನದ ಪೀಠಿಕೆಯನ್ನು ಒಕ್ಕೊರಲಿನಿಂದ ಹೇಳಿ ಮುಗಿಸಿದರು. ‘ಬಂಧುತ್ವ’ ಎಂಬ ಪದದ ಸದ್ದು ಇನ್ನೂ ಅಂಗಳದಲ್ಲಿರುವಾಗಲೇ ಮುಖ್ಯಾಧ್ಯಾಪಕರು ಗಗನಾಳನ್ನು ಮುಂದೆ ಕರೆದು, ಅವಳ ಅರ್ಜಿಯನ್ನು ಎಲ್ಲರೆದುರು ಓದಿದರು. ‘ಉಚಿತವಾಗಿ ಕಲಿಸುವ ಶಾಲೆಯ ಮಾನ ಬೀದಿಗೆ ತಂದವಳು’ ಎಂದರು. ಕೆಲವು ಮಕ್ಕಳು ನಕ್ಕರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಮತ್ತು ಆ ಸಿಟ್ಟು ಮುಖ್ಯಾಧ್ಯಾಪಕರಿಗಿಂತ ನಿಮ್ಮ ಮೇಲೆಯೇ ಇತ್ತು. ಅವರು ಯಾವ ಮಾತನ್ನೂ ಕೊಟ್ಟಿರಲಿಲ್ಲ. ಕೊಟ್ಟವರು ನೀವು.

ಸಂಜೆ ಶೀನ ನಮ್ಮ ಮನೆಗೆ ಬಂದರು. ಹೊಸ್ತಿಲಲ್ಲೇ ನಿಂತು ಕೇಳಿದರು: ‘ಟೀಚರೇ, ನಾವು ಯಾರ ತಂಟೆಗೂ ಹೋಗುವವರಲ್ಲ. ಕಲಿಸಿದ್ದು ನೀವು, ಬರೆಯಿರಿ ಅಂತ ಹೇಳಿದ್ದು ಸಾಹೇಬರು, ಬರೆದದ್ದು ಅವಳು. ಮೂರು ಜನರಲ್ಲಿ ತಪ್ಪು ಅವಳೊಬ್ಬಳದ್ದೇ ಆಯಿತಾ ಮಾರಾಯ್ರೇ?’

‘ಒಳಗ ಬರ್ರಿ ಶೀನಣ್ಣ, ಚಹಾ ತಗೊಳ್ರಿ’ ಎಂದೆ. ಮೂಲಭೂತ ಹಕ್ಕುಗಳನ್ನು ಅಧ್ಯಾಯಗಟ್ಟಲೆ ಕಲಿಸುವವಳು ಕೊಟ್ಟ ಉತ್ತರ ಅದು. ಅವರು ಚಹಾ ಕುಡಿಯದೆ ಹೋದರು.

ಆಮೇಲೆ ನಾನೇ ನಿಮಗೆ ಬರೆದೆ. ಅದೂ ಅದೇ ದಾರಿ ಹಿಡಿದು ಅದೇ ಮೇಜಿಗೆ ಬಂತು. ನಮ್ಮ ಸಂಸ್ಥೆಗೆ ಛತ್ರಪತಿ ಸಂಭಾಜಿನಗರದ ಚಿಕಲಠಾಣಾದಲ್ಲೂ ಒಂದು ಶಾಲೆಯಿದೆ. ‘ಶೈಕ್ಷಣಿಕ ಅಗತ್ಯ’ದ ಮೇರೆಗೆ ಅಲ್ಲಿಗೆ ನನ್ನ ವರ್ಗವಾಯಿತು. ಅಲ್ಲಿ ನಾಗರಿಕಶಾಸ್ತ್ರಕ್ಕೆ ಬೇರೆಯವರಿದ್ದಾರಂತೆ. ನನಗೆ ಕರಕುಶಲದ ತಾಸುಗಳನ್ನು ಕೊಟ್ಟಿದ್ದಾರೆ. ಶನಿವಾರ ರೈಲಿನಲ್ಲಿ ಮನ್ಮಾಡ್ ಮೇಲೆ ಹಾದು ಮನೆಗೆ, ಭಾನುವಾರ ಮತ್ತೆ ಅದೇ ರೈಲು. ನನ್ನ ಕಷ್ಟವನ್ನು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನನಗೆ ಸಂಬಳ ಬರುತ್ತದೆ.

ಹೊರಡುವ ಮೊದಲು ಎಂಟನೆಯವರ ಮೌಖಿಕ ಪರೀಕ್ಷೆ ಮುಗಿಸಬೇಕಿತ್ತು. ಗಗನಾಳ ಸರದಿ ಬಂತು. ಪಾಠದಲ್ಲಿರುವ ಪ್ರಶ್ನೆಯನ್ನೇ ಕೇಳಿದೆ: ‘ಹಕ್ಕಿಗೆ ಚ್ಯುತಿ ಬಂದಾಗ ನಾಗರಿಕರು ಏನು ಮಾಡಬೇಕು?’ ಅಧಿಕಾರಿಗಳಿಗೆ ದೂರು ಕೊಡಬೇಕು, ನ್ಯಾಯಾಲಯಕ್ಕೆ ಹೋಗಬೇಕು. ಅವಳಿಗೆ ಇದೆಲ್ಲ ಬಾಯಿಪಾಠ. ಅವಳು ಬಾಗಿಲ ಕಡೆ ನೋಡಿದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೂ ಮರಾಠಿಯಲ್ಲೇ ಉತ್ತರಿಸುವ ಹುಡುಗಿ, ಆ ದಿನ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು:

‘ಸುಮ್ಮನೆ ಇರಬೇಕು, ಟೀಚರ್.’

ಕನ್ನಡದಲ್ಲಿ ಯಾಕೆ ಹೇಳಿದಳು ಗೊತ್ತೇ? ಆ ಕೋಣೆಯಲ್ಲಿ ಬೇರೆ ಯಾರಿಗೂ ತಿಳಿಯಬಾರದೆಂದು. ಹದಿಮೂರರ ಹುಡುಗಿಗೆ ನೀವು ಕಲಿಸಿದ ನಾಗರಿಕಶಾಸ್ತ್ರ ಇದು. ವರ್ಷವಿಡೀ ನಾನು ಕಲಿಸಿದ್ದು ಇದರ ಮುಂದೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಆ ಉತ್ತರಕ್ಕೆ ನಾನಿನ್ನೂ ಅಂಕ ಕೊಟ್ಟಿಲ್ಲ. ಅಂಕಪಟ್ಟಿ ಕಳಿಸಿ ಎಂದು ಹಳೆಯ ಶಾಲೆಯಿಂದ ಫೋನ್ ಮೇಲೆ ಫೋನ್ ಬರುತ್ತಿದೆ. ಏನು ಕೊಡಲಿ, ನೀವೇ ಹೇಳಿ. ಪುಸ್ತಕ ನೋಡಿದರೆ ಸೊನ್ನೆ. ನಡೆದದ್ದನ್ನು ನೋಡಿದರೆ ಪೂರ್ತಿ ಅಂಕ.

ನನ್ನ ಬೇಡಿಕೆ ದೊಡ್ಡದಲ್ಲ. ವರ್ಷ ಮುಗಿಯುವ ಮೊದಲು ಆ ಬೇರೆ ವಿಭಾಗವನ್ನು ಮುಚ್ಚಿಸಿ, ಮಕ್ಕಳನ್ನು ಅವರವರ ತರಗತಿಗೆ ಮರಳಿಸಿ. ಅದೇ ಸಭಾಂಗಣಕ್ಕೆ ಬಂದು, ಅದೇ ಮೈಕು ಹಿಡಿದು, ಬರೆದದ್ದು ತಪ್ಪಲ್ಲ ಎಂದು ಆ ಹುಡುಗಿಗೆ ಎಲ್ಲರೆದುರು ಹೇಳಿ. ಆಮೇಲೆ ಅವಳ ಉತ್ತರಕ್ಕೆ ನಾನು ಸೊನ್ನೆ ಹಾಕುತ್ತೇನೆ. ಸಂತೋಷದಿಂದ ಹಾಕುತ್ತೇನೆ.

ಇಂತಿ,
ನಿಮ್ಮ ಭಾಷಣಕ್ಕೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ,
ಸದ್ಯ ಚಿಕಲಠಾಣಾದಲ್ಲಿ ಕಾಗದದ ಹೂ ಮಾಡಲು ಕಲಿಸುತ್ತಿರುವ,
ಭಾರ್ಗವಿ ಟೀಚರ್