ನಡುಗದ ಕೈಬರಹ

ಮಂಗಳವಾರ, ಬೆಳಿಗ್ಗೆ

ನನ್ನ ಗುಬ್ಬಿಗೆ,

ಇಷ್ಟು ವರ್ಷವೂ ನಿನಗೆ ಬರೆದ ಪ್ರತಿಯೊಂದು ಪತ್ರವನ್ನೂ ‘ಚಿರಂಜೀವಿ’ ಎಂದೇ ಆರಂಭಿಸಿದ್ದೇನೆ. ಇಂದು ಆ ಪದ ಬರೆಯಲು ಕೈ ಏಳಲಿಲ್ಲ; ಕಾರಣ ಮುಂದೆ ತಿಳಿಯುತ್ತದೆ. ಅಕ್ಷರಗಳು ನೆಟ್ಟಗಿರುವುದನ್ನು ನೀನು ಮೊದಲ ಸಾಲಿನಲ್ಲೇ ಗಮನಿಸಿರುತ್ತೀಯೆ. ನೂರೊಂಬತ್ತು ವರ್ಷದ ಮುದುಕಿಯ ಕೈ ಹೀಗೆ ಬರೆಯುವುದಿಲ್ಲ. ಇಪ್ಪತ್ತನಾಲ್ಕು ವರ್ಷಗಳಿಂದ ನಿನಗೆ ಬರುತ್ತಿದ್ದ ಆ ಅಂಕುಡೊಂಕು ಬರಹವನ್ನು ನಾನು ಬೇಕೆಂದೇ ನಡುಗಿಸಿ ಬರೆಯುತ್ತಿದ್ದೆ. ನೂರಾರು ಮಕ್ಕಳ ಕೈ ಹಿಡಿದು ತಿದ್ದಿಸಿದವಳಿಗೆ, ತನ್ನ ಅಕ್ಷರವನ್ನು ತಾನೇ ಕೆಡಿಸಲು ಎಷ್ಟು ಅಭ್ಯಾಸ ಬೇಕಾಯಿತೆಂಬುದನ್ನು ವಿವರಿಸಲಾರೆ.

ನಿನ್ನ ಪತ್ರ ತಲುಪಿತು. ವೈದ್ಯರು ಹೆಚ್ಚೆಂದರೆ ಹತ್ತು ದಿನ ಎಂದಿದ್ದಾರೆಂದೂ, ಒಮ್ಮೆ ನನ್ನ ಮುಖ ನೋಡಬೇಕೆಂದೂ ಬರೆದಿದ್ದೀಯೆ. ಪ್ರಯಾಣ ಮಾಡಲಾರದಷ್ಟು ನಿತ್ರಾಣವಿದ್ದರೆ ಬೇಡವೆಂದು, ನನಗೊಂದು ನೆಪವನ್ನೂ ನೀನೇ ಒದಗಿಸಿದ್ದೀಯೆ. ನನಗೆ ನಿತ್ರಾಣವಿಲ್ಲ, ಮಗಳೇ. ದಿನಕ್ಕೆ ಎರಡು ಬಾರಿ ಮೂರು ಮಹಡಿ ಹತ್ತಿ ಇಳಿಯುತ್ತೇನೆ.

ನಲವತ್ತೈದು ವರ್ಷಗಳ ಹಿಂದೆ, ಆಯುಷ್ಯ ಹೆಚ್ಚಿಸುವ ಔಷಧದ ಪ್ರಯೋಗಕ್ಕೆ ನಾವಿಬ್ಬರೂ ಹೆಸರು ಕೊಟ್ಟೆವಲ್ಲವೇ? ಆಸೆ ನನ್ನದು. ನನಗೆ ಸಾವಿನ ಭಯವಿತ್ತು. ಅದನ್ನು ವಿಜ್ಞಾನದ ಸೇವೆಯೆಂದು ಕರೆದೆ. ನೀನು ಬೇಕರಿಯ ಏಪ್ರನ್ ಕೂಡ ಬಿಚ್ಚದೆ ಬಂದಿದ್ದೆ. ಏಕೆ ಬಂದೆ ಎಂದು ಕೇಳಿದ್ದಕ್ಕೆ, “ನೀನು ಇನ್ನೂರು ವರ್ಷ ಬದುಕಿದ್ರೆ ಬೈಸ್ಕೊಳ್ಳೋಕೆ ಯಾರಾದ್ರೂ ಬೇಕಲ್ಲಮ್ಮ” ಎಂದಿದ್ದೆ.

ಅರ್ಧದಷ್ಟು ಜನರಿಗೆ ಔಷಧದ ಚುಚ್ಚುಮದ್ದು, ಉಳಿದವರಿಗೆ ಬರಿಯ ಉಪ್ಪುನೀರಿನದು. ಯಾರಿಗೆ ಯಾವುದೆಂಬುದು ಹತ್ತು ವರ್ಷ ಗುಟ್ಟು ಎಂದು ಮೊದಲೇ ತಿಳಿಸಿದ್ದರು. ಆ ಇಕ್ಕಟ್ಟಾದ ಮೊಗಸಾಲೆಯಲ್ಲಿ ನೀನು ನನಗಿಂತ ಮುಂದೆ ನಿಂತಿದ್ದೆ. ನಾನು ಭುಜ ಹಿಡಿದು ನಿನ್ನನ್ನು ಹಿಂದಕ್ಕೆ ಸರಿಸಿದೆ. ಸಾಲಿನಲ್ಲಿ ಹಿರಿಯರು ಮೊದಲು ನಿಲ್ಲಬೇಕೆಂದು ಬೋಧಿಸಿದೆ. ಕಿಟಕಿಯಾಚೆ ಸಂಖ್ಯೆ ಬರೆದುಕೊಡುತ್ತಿದ್ದ ಯುವತಿ, ಹೇಗೆ ನಿಂತರೂ ನಡೆಯುತ್ತದೆ ಎಂದಳು. ಅವಳಿಗೂ ಶಿಸ್ತಿನ ಕುರಿತು ಎರಡು ಮಾತು ಹೇಳಿದೆ. ನನಗೆ ಹದಿನೇಳನೆಯ ಸಂಖ್ಯೆ ದೊರೆಯಿತು, ನಿನಗೆ ಹದಿನೆಂಟು.

ಹತ್ತು ವರ್ಷಗಳ ನಂತರ ಮೊಹರು ಮಾಡಿದ ಎರಡು ಲಕೋಟೆಗಳು ನನ್ನ ವಿಳಾಸಕ್ಕೆ ಬಂದವು. ಎರಡನ್ನೂ ನಾನೇ ಒಡೆದೆ. ಬೆಸ ಸಂಖ್ಯೆಯವರಿಗೆ ಔಷಧ, ಸಮ ಸಂಖ್ಯೆಯವರಿಗೆ ಉಪ್ಪುನೀರು. ನಮ್ಮಿಬ್ಬರಿಗೂ ಉಪ್ಪುನೀರೇ ಸಿಕ್ಕಿತೆಂದು ನಿನಗೆ ಫೋನಿನಲ್ಲಿ ತಿಳಿಸಿದೆ. ನೀನು ನಕ್ಕೆ. “ಹೋಗ್ಲಿ ಬಿಡಮ್ಮ. ಆ ಉಪ್ಪು ನನಗೆ ಕೊಟ್ಟಿದ್ರೆ ನೂರು ಬ್ರೆಡ್ಡಾದ್ರೂ ಆಗ್ತಿತ್ತು.”

ಅಷ್ಟರಲ್ಲಿ ಔಷಧ ಪಡೆದವರಲ್ಲಿ ಹಲವರು ತೀರಿಕೊಂಡು, ಪ್ರಯೋಗ ನಿಂತುಹೋಗಿತ್ತು. ಆ ಔಷಧವನ್ನು ಮತ್ತೆ ಯಾರೂ ತಯಾರಿಸಲಿಲ್ಲ. ಅದು ನಿನ್ನನ್ನೂ ಬಲಿ ತೆಗೆದುಕೊಳ್ಳಬಹುದಿತ್ತೆಂದು ಬಹುಕಾಲ ಸಮಾಧಾನ ಹೇಳಿಕೊಂಡೆ. ಅದು ಉತ್ತರವಲ್ಲ, ಉತ್ತರ ಗೊತ್ತಿಲ್ಲದ ಮಕ್ಕಳು ಪುಟ ತುಂಬಿಸುವ ರೀತಿ. ಹದಿನೇಳು ನಿನ್ನ ಸಂಖ್ಯೆಯಾಗಿತ್ತು, ಗುಬ್ಬಿ.

ನರೆತ ನನ್ನ ಕೂದಲು ಬುಡದಿಂದ ಕಪ್ಪಾಗತೊಡಗಿತು. ಊರವರೆಲ್ಲ ಬಿಳಿಗೆ ಕಪ್ಪು ಬಳಿದುಕೊಳ್ಳುತ್ತಿದ್ದಾಗ ನಾನು ಕಪ್ಪಿಗೆ ಬಿಳಿ ಬಳಿದುಕೊಂಡೆ. ಕೋಲು ಹಿಡಿದೆ. ನಿನಗೆ ಅರವತ್ತಾದ ವರ್ಷ, ಬೇಕರಿಗೆ ಬಂದ ಗಿರಾಕಿಯೊಬ್ಬರು ನಾವು ಅಕ್ಕತಂಗಿಯರೇ ಎಂದು ಕೇಳಿದರು. ನಮ್ಮಲ್ಲಿ ಅಕ್ಕ ಯಾರೆಂದು ಅವರು ಕೇಳುವ ಮೊದಲೇ ನಾನು ಎದ್ದು ಹೊರಟೆ. ಮರುತಿಂಗಳು, ಹವೆ ಒಗ್ಗುತ್ತಿಲ್ಲವೆಂದು ಹೇಳಿ ಊರನ್ನೇ ಬಿಟ್ಟೆ.

ಒಮ್ಮೆ ನೀನು ತಿಳಿಸದೆ ಬಂದಿದ್ದೆ, ನೆನಪಿದೆಯೇ? ಬಾಗಿಲಿಗೆ ಬೀಗವಿತ್ತು. ಪೇಟೆಯಿಂದ ಹಿಂದಿರುಗುತ್ತಿದ್ದ ನಾನು ಎದುರು ಕಟ್ಟಡದ ಮೆಟ್ಟಿಲ ಮರೆಯಲ್ಲಿ ನಿಂತೆ. ಏದುಸಿರು ಬಿಡುತ್ತ ನೀನು ಗೋಡೆಗೆ ಒರಗಿಕೊಂಡೆ, ಬಹಳ ಹೊತ್ತು ಕಾದೆ, ಕೊನೆಗೆ ಬ್ರೆಡ್ಡಿನ ಪೊಟ್ಟಣವನ್ನು ಬಾಗಿಲ ಬಳಿ ಇಟ್ಟು ನಡೆದುಹೋದೆ. ಅದನ್ನು ನಾನು ಮೂರು ದಿನ ತಿಂದೆ.

ಎಂಟು ವರ್ಷಕ್ಕೊಮ್ಮೆ, ನೆರೆಯವರು ಲೆಕ್ಕ ಹಾಕುವ ಮುನ್ನ, ಮನೆ ಬದಲಿಸುತ್ತೇನೆ. ಈಗಿನ ಮನೆಯ ಒಡತಿಗೆ ಐವತ್ತೆಂಟು. ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ, “ನನ್ನ ವಯಸ್ಸಿಗೆ ಬನ್ನಿ, ಆಮೇಲೆ ಗೊತ್ತಾಗುತ್ತೆ ಮಂಡಿನೋವು ಅಂದ್ರೇನು” ಎನ್ನುತ್ತಾಳೆ. ಹೌದೆಂದು ತಲೆಯಾಡಿಸುತ್ತೇನೆ. ಕಳೆದ ವರ್ಷ ಪತ್ರಿಕೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ನಿಧನದ ಪ್ರಕಟಣೆ ಬಂದಿತ್ತು. ಒಂಬತ್ತರ ಮಗ್ಗಿ ಬಾರದೆ ಅತ್ತವಳು. ಎಂಬತ್ತೊಂಬತ್ತು ವರ್ಷ ಬದುಕಿದಳು. ಪ್ರಕಟಣೆಯ ವಾಕ್ಯವೊಂದರಲ್ಲಿ ದೋಷವಿತ್ತು. ತಿದ್ದಲು ಪೆನ್ನು ತೆಗೆದೆ. ತೋರಿಸುವುದಕ್ಕೆ ಯಾರೂ ಇಲ್ಲವೆಂದು ಹೊಳೆದು ಮುಚ್ಚಿಟ್ಟೆ.

ಸಾಯದಿರುವುದೆಂದರೆ ಎಲ್ಲರೊಡನೆ ಹೆಚ್ಚು ಕಾಲ ಇರುವುದೆಂದು ಭಾವಿಸಿದ್ದೆ. ನನಗೆ ಇನ್ನೆಷ್ಟು ವರ್ಷವೆಂದು ಹೇಳಬಲ್ಲ ವೈದ್ಯರು ಯಾರೂ ಉಳಿದಿಲ್ಲ. ನೀನು ಹೊರಟರೆ, ನನ್ನನ್ನು ಅಮ್ಮ ಎನ್ನುವವರೂ ಉಳಿಯುವುದಿಲ್ಲ.

ಆದರೂ ನನ್ನ ಅಂಜಿಕೆ ಅದಲ್ಲ. ನೀನು ನೋಡಬಯಸಿದ್ದು ಸುಕ್ಕುಗಟ್ಟಿದ, ಬೆನ್ನು ಬಾಗಿದ ತಾಯಿಯನ್ನು. ನಿನಗಿಂತ ಮೊದಲು ಆ ದಾರಿಯನ್ನು ಸವೆಸಿದವಳನ್ನು. ನಿನ್ನ ಹಾಸಿಗೆಯ ಬಳಿ ನಿಲ್ಲಲಿರುವುದು ಐವತ್ತರ ಹೆಂಗಸು. ಕೈ ಹಿಡಿದು ಹೆದರಬೇಡವೆನ್ನಲು ನನಗೆ ಯಾವ ಅಧಿಕಾರವಿದೆ? ಆ ಪಾಠವನ್ನು ನಾನು ಕಲಿತೇ ಇಲ್ಲ. ಅದರಲ್ಲಿ ನೀನೇ ನನಗೆ ಹಿರಿಯಳು.

ಕ್ಷಮಿಸೆಂದು ಕೇಳುವುದಿಲ್ಲ. ನಾನು ಬರಬಹುದೇ ಎಂದಷ್ಟೇ ಕೇಳುತ್ತಿದ್ದೇನೆ.

ಸಾಲಿನಲ್ಲಿ ನಿನ್ನ ಹಿಂದೆ ನಿಲ್ಲಬೇಕಾಗಿದ್ದ,
ನಿನ್ನ ಅಮ್ಮ

ತಾ.ಕ.: ಲಕೋಟೆಗೆ ಅಂಚೆಚೀಟಿ ಇಲ್ಲದಿರುವುದನ್ನು ನೋಡಿರುತ್ತೀಯೆ. ನಿನ್ನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತೇ ಇದನ್ನು ಬರೆದೆ. ಸಂದರ್ಶಕರ ಪುಸ್ತಕದಲ್ಲಿ ರೋಗಿಗೆ ಏನಾಗಬೇಕೆಂಬ ಅಂಕಣದಲ್ಲಿ ‘ತಾಯಿ’ ಎಂದು ತುಂಬಿದೆ. ನರ್ಸ್ ನನ್ನ ಮುಖ ನೋಡಿ, “ತಪ್ಪು ಬರೆದಿದ್ದೀರ ಮೇಡಂ, ಮಗಳು ಅಂತ ತಿದ್ದಿ, ಒಳಗೆ ಬಿಡ್ತೀನಿ” ಎಂದಳು. ನಾನು ತಿದ್ದಲಿಲ್ಲ. ಪತ್ರವನ್ನು ಮಾತ್ರ ತಲುಪಿಸಲು ಒಪ್ಪಿದ್ದಾಳೆ. ಹೊರಗೆ ಕುಳಿತಿರುವವಳು ನಿನಗೆ ಏನಾಗಬೇಕೆಂದು ನೀನೇ ಅವಳಿಗೆ ಹೇಳಬೇಕು.